ಟಿವಿ ಶಾಪಿಂಗ್ ಚಾನೆಲ್‌ಗಳು, ಅಲ್ಲಿನ ಆಂಕರ್‌ಗಳು: ನೋಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ಟೆಲಿಶಾಪಿಂಗ್ ಅಂದ ತಕ್ಷಣ ನಮ್ಮ ಜನರಲ್ಲಿ ಎರಡು ಪಾರ್ಟಿ ಆಗೋಗುತ್ತೆ. ಒಬ್ರು ಅದೆಲ್ಲ ಬರೀ ಮೋಸ ಕಣ್ರೀ ಅಂತಾರೆ, ಇನ್ನೊಬ್ರು ಏನ್ ಮೋಸ, ನಾನು ತರಿಸಿದ ಬಾಣಲೆ ಇನ್ನೂ ಒಲೆ ಮೇಲಿದೆ ಅಂತ ವಾದಕ್ಕೆ ನಿಲ್ತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಮನೇಲಿ, ನೆಂಟರ ಮದುವೆಲಿ, ಗೆಳೆಯರ ವಾಟ್ಸಾಪ್ ಗ್ರೂಪಲ್ಲಿ ಈ ವಿಷಯ ಬಂದಾಗೆಲ್ಲ ಕೇಳಿಬರೋ ಪ್ರಶ್ನೆಗಳನ್ನ ಒಂದು ಕಡೆ ಸೇರಿಸಿ ನನಗೆ ಗೊತ್ತಿರೋದು, ನನಗೆ ಅನ್ಸಿದ್ದು ಎರಡನ್ನೂ ಬರೆದಿದ್ದೀನಿ.

ಇವತ್ತಿಗೂ ಇದನ್ನ ಯಾರಾದ್ರೂ ಕೂತು ನೋಡ್ತಾರಾ?

ನೋಡ್ತಾರೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಒಂದು ಗಳಿಗೆ ಕೂರೋ ಹೆಂಗಸರು, ರಾತ್ರಿ ನಿದ್ದೆ ಬರದ ವಯಸ್ಸಾದೋರು, ಪೇಟೆಗೆ ಹೋಗ್ಬೇಕು ಅಂದ್ರೆ ಬಸ್ಸಿಗೆ ಕಾಯ್ಬೇಕಾದ ಊರಿನೋರು, ಮೊಬೈಲಲ್ಲಿ ಆರ್ಡರ್ ಮಾಡೋಕೆ ಬರದೋರು. ಇವರಿಗೆ ಟಿವಿಲಿ ಒಬ್ಬಳು ಹುಡುಗಿ ಒಂದೇ ಮಿಕ್ಸಿನ ಹಿಡ್ಕೊಂಡು ಇಪ್ಪತ್ತು ನಿಮಿಷ ಜಾರ್ ತೆಗೆದು, ಬ್ಲೇಡ್ ತೋರ್ಸಿ, ಚಟ್ನಿ ರುಬ್ಬಿ ತೋರ್ಸೋದು ಬೇಜಾರಲ್ಲ. ಅಂಗಡಿಲಿ ಎರಡನೇ ಸಲ ಬೆಲೆ ಕೇಳಿದ್ರೆ ಮುಖ ತಿರುಗಿಸ್ತಾರೆ, ಇಲ್ಲಿ ಕೇಳದೇನೇ ಹತ್ತು ಸಲ ಹೇಳ್ತಾರೆ. ಇಷ್ಟೊಂದು ಜನ ಯಾಕೆ ನೋಡ್ತಾರೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ ಅನ್ಸುತ್ತೆ ನನಗೆ. ನೋಡೋರೆಲ್ಲ ದಡ್ಡರು ಅಂತ ಮಾತಾಡೋರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಇದು ಶುರುವಾಗಿದ್ದು ಎಲ್ಲಿ, ಯಾವಾಗ?

ಅಮೆರಿಕದ ಫ್ಲೋರಿಡಾದಲ್ಲಿ, ಅದೂ ಟಿವಿಲಲ್ಲ, ರೇಡಿಯೋದಲ್ಲಿ. 1977ರಲ್ಲಿ ಕ್ಲಿಯರ್‌ವಾಟರ್ ಅನ್ನೋ ಊರಿನ ಒಂದು ಸಣ್ಣ ರೇಡಿಯೋ ಸ್ಟೇಷನ್‌ಗೆ ಜಾಹೀರಾತು ಕೊಟ್ಟಿದ್ದ ವ್ಯಾಪಾರಿ ಹತ್ರ ದುಡ್ಡಿರ್ಲಿಲ್ಲ, ಅದರ ಬದ್ಲು ಹಸಿರು ಬಣ್ಣದ 112 ಕ್ಯಾನ್ ಓಪನರ್ ತಂದು ಕೊಟ್ಟ. ಸ್ಟೇಷನ್ ಓನರ್ ಲೊವೆಲ್ ಪ್ಯಾಕ್ಸನ್ ಅದನ್ನ ತನ್ನ ಆಂಕರ್ ಬಾಬ್ ಸರ್ಕೋಸ್ಟಾ ಕೈಗೆ ಕೊಟ್ಟು ರೇಡಿಯೋದಲ್ಲೇ ಮಾರು ಅಂದ, ಎಲ್ಲಾ ಖಾಲಿ ಆಯ್ತು. ಅದೇ ಬೆಳೆದು 1982ರಲ್ಲಿ ಅಲ್ಲಿನ ಕೇಬಲ್ ಟಿವಿಗೆ ಬಂತು, 1985ರಲ್ಲಿ ದೇಶದ ತುಂಬ ಹರಡ್ತು, ಎಚ್‌ಎಸ್‌ಎನ್ ಅನ್ನೋ ಹೆಸರಲ್ಲಿ ದೊಡ್ಡ ಕಂಪನಿ ಆಯ್ತು. ಮರುವರ್ಷ 1986ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕ್ಯೂವಿಸಿ ಅನ್ನೋ ಇನ್ನೊಂದು ಶಾಪಿಂಗ್ ಚಾನೆಲ್ ಶುರುವಾಯ್ತು.

ನಮ್ಮಲ್ಲಿ 90ರ ದಶಕದಲ್ಲಿ ಕೇಬಲ್ ಬಂದ ಮೇಲೆ ಬೆಳಗಿನ ಜಾವ, ನಡುರಾತ್ರಿ ಸ್ಲಾಟ್‌ಗಳಲ್ಲಿ ಬರ್ತಿತ್ತು, ಹೊಟ್ಟೆ ಕರಗಿಸೋ ಬೆಲ್ಟ್, ಮಡಚೋ ವ್ಯಾಯಾಮದ ಮೆಷಿನ್, ಇಂಥವು. ಇಪ್ಪತ್ನಾಲ್ಕು ಗಂಟೆ ಬರೀ ಶಾಪಿಂಗೇ ಅನ್ನೋ ಚಾನೆಲ್ ಬಂದಿದ್ದು 2008ರಲ್ಲಿ ಹೋಮ್‌ಶಾಪ್18 ಜೊತೆ. ಅದೇ ವರ್ಷ ಶುರುವಾದ ನಾಪ್ಟಾಲ್ ಮೊದಲು ವೆಬ್‌ಸೈಟಾಗಿತ್ತು, ಆಮೇಲೆ ಟಿವಿಗೆ ಬಂತು. ಕೊರಿಯಾದ ಸಿಜೆ ಕಂಪನಿ ಸ್ಟಾರ್ ಜೊತೆ ಸೇರಿ ಸ್ಟಾರ್ ಸಿಜೆ ಅಂತ ತಂತು. 2015ರಲ್ಲಿ ಅಕ್ಷಯ್ ಕುಮಾರ್, ರಾಜ್ ಕುಂದ್ರಾ ಸೇರ್ಕೊಂಡು ಸಿನಿಮಾ ತಾರೆಯರೇ ಮಾರೋ ಬೆಸ್ಟ್ ಡೀಲ್ ಟಿವಿ ಮಾಡಿದ್ರು, ಅದು ಹೆಚ್ಚು ಕಾಲ ನಡೀಲಿಲ್ಲ. ಈ ವ್ಯಾಪಾರ ನಿಂತಿದ್ದೇ ಮನೆ ಬಾಗಿಲಲ್ಲಿ ಕೈಗೆ ಕೈ ದುಡ್ಡು ಕೊಡೋ ಪದ್ಧತಿ ಮೇಲೆ, 2016ರ ನವೆಂಬರಲ್ಲಿ ನೋಟ್ ಬ್ಯಾನ್ ಆದಾಗ ಅದಕ್ಕೇ ಏಟು ಬಿತ್ತು.

ಕನ್ನಡದಲ್ಲಿ ಬರೋ ಕಾರ್ಯಕ್ರಮದಲ್ಲಿ ಬಾಯಿಗೂ ಮಾತಿಗೂ ಯಾಕೆ ಹೊಂದಲ್ಲ?

ಬಹಳಷ್ಟು ಹಿಂದಿಲಿ ಶೂಟ್ ಮಾಡಿ ಆಮೇಲೆ ನಮ್ಮ ಭಾಷೆಗಳಿಗೆಲ್ಲ ಡಬ್ ಮಾಡ್ತಾರೆ ಅದಕ್ಕೆ. ಕನ್ನಡದಲ್ಲಿ ಸಿನಿಮಾ, ಸೀರಿಯಲ್ ಡಬ್ಬಿಂಗ್ ಬೇಡ ಅಂತ ದೊಡ್ಡ ಹೋರಾಟ ನಡೀತಿದ್ದ ಕಾಲದಲ್ಲೂ ಜಾಹೀರಾತು, ಟೆಲಿಶಾಪಿಂಗ್ ಮಾತ್ರ ಡಬ್ ಆಗೇ ಬರ್ತಿತ್ತು, ಅದನ್ನ ಯಾರೂ ಅಷ್ಟಾಗಿ ಕೇಳ್ಲಿಲ್ಲ. ಹಾಗಾಗಿ ಒಂದು ಥರ ಕನ್ನಡ ಹುಟ್ಕೊಂಡ್ತು ಅಲ್ಲಿ, "ನೀವು ಪಡೆಯುತ್ತಿದ್ದೀರಿ ಸಂಪೂರ್ಣವಾಗಿ ಉಚಿತವಾಗಿ" ಅನ್ನೋ ಥರದ್ದು, ಯಾವ ಊರಲ್ಲೂ ಯಾರೂ ಹಾಗೆ ಮಾತಾಡಲ್ಲ. ಆಮೇಲೆ ನಾಪ್ಟಾಲ್ ಕನ್ನಡ ಅಂತಾನೇ ಒಂದು ಚಾನೆಲ್ ಬಂತು, ಕನ್ನಡ ಬರೋ ಆಂಕರ್‌ಗಳು ಕಾಣಿಸ್ಕೊಂಡ್ರು, ಆಗ ನೋಡೋರಿಗೆ ಎಷ್ಟೋ ಹತ್ರ ಅನ್ಸಿದ್ದು ನಿಜ. ರೊಟ್ಟಿ ತವಾ ತೋರಿಸ್ವಾಗ ಜೋಳದ ರೊಟ್ಟಿ ಹೆಸರು ಎತ್ತೋ ಆಂಕರ್‌ಗೂ, ತಂದೂರಿ ನಾನ್ ಅಂತ ಓದೋ ದನಿಗೂ ವ್ಯತ್ಯಾಸ ಇರಲ್ವಾ. ಕನ್ನಡದ ಗ್ರಾಹಕರಿಗೆ ಮಾರ್ಬೇಕು ಅಂದ್ರೆ ಕನ್ನಡದಲ್ಲೇ ಯೋಚನೆ ಮಾಡೋ ಒಬ್ರು ಸ್ಟುಡಿಯೋದಲ್ಲಿ ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಂಕರ್‌ಗಳು ಯಾಕೆ ಹೇಳಿದ್ದನ್ನೇ ಹೇಳ್ತಾರೆ, ಅದೂ ಅಷ್ಟು ಜೋರಾಗಿ?

ಹೇಳಿದ್ದನ್ನೇ ಹೇಳೋದಕ್ಕೆ ಕಾರಣ ಇದೆ. ಸೀರಿಯಲ್ ಥರ ಇದನ್ನ ಯಾರೂ ಮೊದಲಿಂದ ಕೂತು ನೋಡಲ್ಲ, ರಿಮೋಟ್ ಒತ್ತುತ್ತಾ ಹೋಗ್ವಾಗ ನಡುವಲ್ಲಿ ಬಂದು ಬೀಳ್ತಾರೆ, ಹಾಗೆ ಬಂದೋರಿಗೆ ವಸ್ತು ಏನು, ಬೆಲೆ ಎಷ್ಟು, ಯಾವ ನಂಬರಿಗೆ ಫೋನ್ ಮಾಡ್ಬೇಕು ಅನ್ನೋದು ಅರ್ಧ ನಿಮಿಷದೊಳಗೆ ಗೊತ್ತಾಗ್ಬೇಕು. ಲೈವ್ ನಡೆಸೋ ದೊಡ್ಡ ಚಾನೆಲ್‌ಗಳಲ್ಲಿ ಆಂಕರ್ ಕಿವಿಲಿ ಇಯರ್‌ಪೀಸ್ ಇರುತ್ತೆ, ಆರ್ಡರ್ ಎಷ್ಟು ಬರ್ತಿದೆ, ಈಗ ಯಾವ ಬಣ್ಣ ತೋರ್ಸು, ಇನ್ನೊಂದ್ಸಲ ಹ್ಯಾಂಡಲ್ ತೋರ್ಸು ಅಂತ ಪ್ರೊಡ್ಯೂಸರ್ ಹೇಳ್ತಾನೇ ಇರ್ತಾರೆ, ಇತ್ತ ಬಾಯಿ ನಿಲ್ಲೋ ಹಾಗಿಲ್ಲ, ಕೈಲಿ ಬಿಸಿ ಎಣ್ಣೆ ಬಾಣಲೆ, ಮುಖದಲ್ಲಿ ನಗು. ಇದು ಸುಲಭದ ಕೆಲಸ ಅಂತ ಯಾರಾದ್ರೂ ಅಂದ್ರೆ ಒಂದು ಚಮಚ ಕೈಗೆ ತಗೊಂಡು ಅದರ ಬಗ್ಗೆ ಹತ್ತು ನಿಮಿಷ ತಡವರಿಸದೇ ಮಾತಾಡಿ ನೋಡ್ಲಿ.

ಜೋರು ದನಿ ಮಾತ್ರ ನನಗೂ ಹಿಡಿಸಲ್ಲ. ವಯಸ್ಸಾದೋರು ಎಷ್ಟೋ ಜನ ಇದನ್ನೇ ಹೇಳ್ತಾರೆ, ಆ ಹುಡುಗಿ ಸಮಾಧಾನವಾಗಿ ಹೇಳಿದ್ರೆ ಇನ್ನೊಂದು ಸ್ವಲ್ಪ ಹೊತ್ತು ನೋಡ್ತಿದ್ದೆ, ಎದೆ ಹೊಡ್ಕೊಳ್ಳೋ ಹಾಗೆ ಕೂಗ್ತಾಳೆ ಅಂತ. ಕೂಗೋದು ಆಂಕರ್ ತಪ್ಪಲ್ಲ, ಹಾಗೇ ಮಾಡು ಅಂತ ಹೇಳ್ಸಿಕೊಂಡು ಮಾಡ್ತಾರೆ. ಇಬ್ರು ಆಂಕರ್ ಇಟ್ಟು, ಒಬ್ರು ಬೆಲೆ ಹೇಳಿದಾಗ ಇನ್ನೊಬ್ರು ಬಾಯ್ಬಿಟ್ಟು "ಏನು, ಇಷ್ಟೇನಾ!" ಅನ್ನೋದಂತೂ ಪ್ರತಿ ಎಪಿಸೋಡಲ್ಲೂ ಇದ್ದಿದ್ದೇ.

ಆಂಕರ್‌ಗಳು ಆ ವಸ್ತುನ ಮನೇಲಿ ಬಳಸಿರ್ತಾರಾ?

ಎಲ್ಲರೂ ಎಲ್ಲವನ್ನೂ ಬಳಸಿರೋಕೆ ಸಾಧ್ಯ ಇಲ್ಲ. ದಿನಕ್ಕೆ ಎಷ್ಟೋ ವಸ್ತು ಕೈ ಬದಲಾಗುತ್ತೆ ಅಲ್ಲಿ. "ನಾನು ಮನೇಲಿ ಇದನ್ನೇ ಉಪಯೋಗಿಸೋದು" ಅಂತ ಪ್ರತಿಯೊಂದಕ್ಕೂ ಹೇಳ್ತಿದ್ರೆ ನಂಬಬೇಡಿ, ಒಂದೆರಡಕ್ಕೆ ಮಾತ್ರ ಹೇಳಿ ಉಳಿದಿದ್ದನ್ನ ಬರೀ ತೋರಿಸ್ತಿದ್ರೆ ಆ ಆಂಕರ್ ಮಾತಿಗೆ ಸ್ವಲ್ಪ ಬೆಲೆ ಕೊಡ್ಬಹುದು.

"ಇನ್ನು ಹತ್ತೇ ನಿಮಿಷ, ಸ್ಟಾಕ್ ಮುಗೀತಾ ಬಂತು" ಅಂತಾರಲ್ಲ, ಅದು ನಿಜಾನಾ? ಲೈವ್ ಬರ್ತಿರುತ್ತಾ?

ಜನ ಅತಿ ಹೆಚ್ಚು ಕೇಳೋದು ಇದನ್ನೇ, ಅತಿ ಹೆಚ್ಚು ಸಿಟ್ಟಾಗೋದೂ ಇದಕ್ಕೇ. ನಿನ್ನೆ ರಾತ್ರಿ ಮುಗಿದೋಯ್ತು ಅಂದ ಬೆಡ್‌ಶೀಟ್ ಇವತ್ತು ಬೆಳಿಗ್ಗೆ ಅದೇ ಆಂಕರ್, ಅದೇ ಸೀರೆ, ಅದೇ ನಗು, ಅದೇ ಹತ್ತು ನಿಮಿಷದ ಗಡಿಯಾರ ಇಟ್ಕೊಂಡು ಮತ್ತೆ ಬಂದ್ರೆ ಯಾರಿಗೆ ತಾನೇ ಬೇಜಾರಾಗಲ್ಲ.

ಇದು ಬರೀ ನಮ್ಮನಿಮ್ಮ ಅನುಮಾನ ಅಲ್ಲ. 2022ರ ಫೆಬ್ರವರಿಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಅಂದ್ರೆ ಸಿಸಿಪಿಎ, ನಾಪ್ಟಾಲ್‌ಗೆ 10 ಲಕ್ಷ ರೂಪಾಯಿ ದಂಡ ಹಾಕ್ತು. ಎರಡು ಚಿನ್ನದ ಒಡವೆ ಸೆಟ್, ಮಂಡಿಗೆ ಕಟ್ಟೋ ಮ್ಯಾಗ್ನೆಟಿಕ್ ಪಟ್ಟಿ, ಆಕ್ಯುಪ್ರೆಶರ್ ಯೋಗ ಚಪ್ಪಲಿ, ಈ ಮೂರರ ಜಾಹೀರಾತು ದಾರಿ ತಪ್ಪಿಸೋ ಹಾಗಿದೆ ಅಂತ. ದಂಡಕ್ಕಿಂತ ನನಗೆ ಮುಖ್ಯ ಅನ್ಸಿದ್ದು ಅದರ ಜೊತೆ ಕೊಟ್ಟ ಸೂಚನೆ: ಮೊದಲೇ ರೆಕಾರ್ಡ್ ಮಾಡಿದ್ದು ಅಂದ್ರೆ ರೆಕಾರ್ಡೆಡ್ ಅಂತ ಸ್ಪಷ್ಟವಾಗಿ ತೋರಿಸ್ಬೇಕು, ಇದು ಈಗಿನ ಸ್ಟಾಕ್ ಲೆಕ್ಕ ಅಲ್ಲ ಅಂತ ಹೇಳ್ಬೇಕು, ಒಂದೆರಡು ದಿನದಲ್ಲಿ ತಗೊಳ್ದಿದ್ರೆ ಸಿಗಲ್ಲ ಅಂತ ಇಲ್ಲದ ಕೊರತೆ ಹುಟ್ಟಿಸೋದು ನಿಲ್ಲಿಸ್ಬೇಕು ಅಂತ. ಆಮೇಲೆ 2023ರ ನವೆಂಬರಲ್ಲಿ ಬಂದ ಡಾರ್ಕ್ ಪ್ಯಾಟರ್ನ್, ಅಂದ್ರೆ ಗ್ರಾಹಕರನ್ನ ಯಾಮಾರಿಸೋ ತಂತ್ರಗಳ ಬಗೆಗಿನ ಮಾರ್ಗಸೂಚಿಲಿ 13 ಥರದ ಚಾಲಾಕಿಗಳ ಪಟ್ಟಿ ಇದೆ, ಸುಳ್ಳು ಅವಸರ ಹುಟ್ಟಿಸೋದೂ ಅದರಲ್ಲಿ ಒಂದು.

ನನಗೆ ಈ ಗಡಿಯಾರದ ಸುಳ್ಳು ದೊಡ್ಡ ತಪ್ಪು ಅನ್ಸೋದು ಯಾಕೆ ಅಂದ್ರೆ, ಬಟ್ಟೆ ಸ್ವಲ್ಪ ತೆಳು ಬಂದ್ರೆ ಅದು ಒಂದು ವಸ್ತುವಿನ ದೋಷ, ಆದ್ರೆ ಮನುಷ್ಯ ಯೋಚನೆ ಮಾಡೋ ಟೈಮನ್ನೇ ಕಿತ್ಕೊಂಡ್ರೆ ಅವರು ಮಗನಿಗೆ ಫೋನ್ ಮಾಡಿ ಕೇಳಲ್ಲ, ಅಂಗಡಿ ಬೆಲೆ ವಿಚಾರಿಸಲ್ಲ, ಗಾಬರಿಲಿ ಡಯಲ್ ಮಾಡ್ಬಿಡ್ತಾರೆ. ಅದರಲ್ಲೂ ದುಡ್ಡು ಎಣಿಸಿ ಎಣಿಸಿ ಖರ್ಚು ಮಾಡೋರು, ಇಂಥ ಚಾನ್ಸ್ ತಪ್ಪಿದ್ರೆ ಹೋಯ್ತು ಅಂತ ಹೆದರೋರು, ಅವರೇ ಮೊದಲು ಬೀಳೋದು.

ನಡುವೆ ಫೋನ್ ಮಾಡಿ ಹೊಗಳೋ ಗ್ರಾಹಕರು ನಿಜವಾದವರಾ?

ಅಮೆರಿಕದ ಕ್ಯೂವಿಸಿ ಥರದ ಲೈವ್ ಚಾನೆಲ್‌ಗಳಲ್ಲಿ ನಿಜವಾದ ಗ್ರಾಹಕರೇ ಫೋನ್ ಮಾಡಿ ಆಂಕರ್ ಜೊತೆ ಮಾತಾಡೋ ಪದ್ಧತಿ ಮೊದಲಿಂದ ಇದೆ, ಮೊಮ್ಮಕ್ಕಳ ವಿಷಯ, ಹಬ್ಬದ ವಿಷಯ ಎಲ್ಲ ಬರುತ್ತೆ ಆ ಮಾತಲ್ಲಿ. ರೆಕಾರ್ಡ್ ಮಾಡಿದ ಜಾಹೀರಾತಲ್ಲಿ "ನಾನು ಮೂರು ವಾರದಲ್ಲಿ ಹನ್ನೆರಡು ಕಿಲೋ ಇಳಿದೆ" ಅನ್ನೋರ ಹೆಸರು ಊರು ಏನಿದ್ರೂ ನೀವು ಹೋಗಿ ಕೇಳೋಕಾಗಲ್ಲ, ಹಾಗಾಗಿ ಅದನ್ನ ಸಾಕ್ಷಿ ಅಂತ ಲೆಕ್ಕಕ್ಕೇ ತಗೋಬೇಡಿ.

ಸಿನಿಮಾ ನಟರೇ ಬಂದು ಹೇಳಿದ್ರೆ ನಂಬಬಹುದಲ್ವಾ?

ಉತ್ತರ ಪ್ರದೇಶದ ಮುಜಫ್ಫರ್‌ನಗರದ ಕೇಸ್ ಇದೆ. ಒಬ್ಬ ಮಗ ತಂದೆಯ ನೋವಿಗೆ ಅಂತ ಗೋವಿಂದ, ಜಾಕಿ ಶ್ರಾಫ್ ಪ್ರಚಾರ ಮಾಡ್ತಿದ್ದ ಗಿಡಮೂಲಿಕೆ ಎಣ್ಣೆ ತರಿಸಿದ, ಬೆಲೆ 3,600 ರೂಪಾಯಿ ಆಸುಪಾಸು. ನೋವು ಹೋಗ್ಲಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋದ, ವರ್ಷಗಟ್ಟಲೆ ಬಿಡದೇ ನಡೆಸಿದ, 2019ರಲ್ಲಿ ಆ ಇಬ್ರು ನಟರಿಗೂ ದಂಡ ಬಿತ್ತು. ಆ ಹೊತ್ತಿಗೆ 2019ರ ಹೊಸ ಗ್ರಾಹಕ ರಕ್ಷಣಾ ಕಾಯ್ದೆ ಜಾರಿಗೇ ಬಂದಿರ್ಲಿಲ್ಲ. ಅದು ಬಂದಿದ್ದು 2020ರ ಜುಲೈಲಿ. ಈಗ ಸುಳ್ಳು ಜಾಹೀರಾತಿಗೆ ಕಂಪನಿ ಜೊತೆ ಪ್ರಚಾರ ಮಾಡಿದೋರಿಗೂ 10 ಲಕ್ಷದವರೆಗೆ ದಂಡ ಹಾಕ್ಬಹುದು, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ, ಒಂದು ವರ್ಷ ಯಾವ ಪ್ರಚಾರಾನೂ ಮಾಡಬಾರ್ದು ಅಂತ ತಡೀಬಹುದು, ಮರುಕಳಿಸಿದ್ರೆ ಮೂರು ವರ್ಷ. ಮೊದಲೇ ವಿಚಾರಿಸಿ, ಪರೀಕ್ಷೆ ಮಾಡ್ಸಿ ಆಮೇಲೆ ಒಪ್ಕೊಂಡಿದ್ರೆ ಮಾತ್ರ ಅವರು ಬಚಾವ್. ಸಂಬಳಕ್ಕೆ ನಿಂತ ಆಂಕರ್‌ಗಿಂತ ಕೋಟಿ ತಗೊಂಡು ಮುಖ ಕೊಡೋ ನಟನ ಜವಾಬ್ದಾರಿ ದೊಡ್ಡದು ಅಂತ ನಾನು ನಂಬಿದೀನಿ.

ಮಂಡಿನೋವು, ಶುಗರ್, ಬೊಜ್ಜು, ಎತ್ತರ ಬೆಳೆಯೋ ಪುಡಿ, ಇವೆಲ್ಲ?

ಬೇಡ. ಇದರಲ್ಲಿ ನಾನು ಯಾವ ರಿಯಾಯ್ತಿನೂ ಕೊಡಲ್ಲ. 1954ರಿಂದಲೇ ಡ್ರಗ್ಸ್ ಆಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ ಒಂದಿದೆ, ಅದರ ಪಟ್ಟಿಲಿ ಡಯಾಬಿಟಿಸ್, ಬಿಪಿ, ಕ್ಯಾನ್ಸರ್, ಪಾರ್ಶ್ವವಾಯು, ಬೊಜ್ಜು, ಮನುಷ್ಯನ ಎತ್ತರ ಎಲ್ಲ ಇದೆ, ಇವನ್ನ ವಾಸಿ ಮಾಡ್ತೀವಿ ಅಂತ ಔಷಧಿ ಜಾಹೀರಾತು ಕೊಡೋದೇ ತಪ್ಪು. ಆದ್ರೂ ಬೆಳಗಿನ ಜಾವ ಚಾನೆಲ್ ತಿರುಗಿಸಿದ್ರೆ ಸಿಗುತ್ತೆ. ಸೀರೆ ಚೆನ್ನಾಗಿಲ್ಲ ಅಂದ್ರೆ ದಿಂಬಿನ ಕವರ್ ಹೊಲಿಸ್ಕೋಬಹುದು, ಪುಡಿ ನಂಬ್ಕೊಂಡು ಶುಗರ್ ಮಾತ್ರೆ ಬಿಟ್ರೆ ಕಾಲಿನ ಗಾಯ ಮಾಯಲ್ಲ, ಕಿಡ್ನಿ ಹಾಳಾಗುತ್ತೆ, ಕಣ್ಣು ಹೋಗುತ್ತೆ. ನಮ್ಮ ನೆಂಟರಲ್ಲೇ ಒಬ್ರು ಟಿವಿಲಿ ಬಂದ ಪುಡಿ ತರಿಸಿ ಡಾಕ್ಟರಿಗೂ ಹೇಳದೇ ತಗೋತಿದ್ರು, ಕೊನೆಗೆ ತಲೆಸುತ್ತು ಬಂದು ಬಿದ್ದ ಮೇಲೇ ಮನೆಯವರಿಗೆ ಗೊತ್ತಾಗಿದ್ದು. ಬಿಳಿ ಕೋಟ್ ಹಾಕ್ಕೊಂಡು ಕೂತಿದ್ದಾರೆ ಅಂತ ಡಾಕ್ಟರ್ ಅಂದ್ಕೋಬೇಡಿ ದಯವಿಟ್ಟು. ಯಾವ ಆಂಕರ್ ಆದ್ರೂ ಸರಿ, ಎಷ್ಟೇ ಪಾಪದವರಾಗಿ ಕಂಡ್ರೂ ಸರಿ, ಕಾಯಿಲೆ ಹೆಸರು ಹೇಳಿ ಬಾಟ್ಲಿ ತೋರಿಸಿದ್ರೆ ಅಲ್ಲಿಗೆ ಅವರ ಮೇಲಿನ ನಂಬಿಕೆ ಮುಗೀತು ನನಗೆ.

ಯಂತ್ರ, ಕವಚ, ದೃಷ್ಟಿ ತಗಿಯೋ ಲಾಕೆಟ್?

2021ರ ಜನವರಿಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹನುಮಾನ್ ಚಾಲೀಸಾ ಯಂತ್ರದ ಟಿವಿ ಜಾಹೀರಾತಿನ ಕೇಸಲ್ಲಿ ಸ್ಪಷ್ಟವಾಗಿ ಹೇಳಿದೆ, ಪವಾಡ ಮಾಡುತ್ತೆ ಅಂತ ವಸ್ತು ಮಾರೋದು ಮಹಾರಾಷ್ಟ್ರದ ವಾಮಾಚಾರ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ. ನಮ್ಮ ಕರ್ನಾಟಕದಲ್ಲೂ 2017ರ ಮೌಢ್ಯ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಲಿದೆ. ಭಕ್ತಿ ಇರೋರಿಗೆ ದೇವಸ್ಥಾನ ಇದೆ, ಮನೆ ದೇವರಿದೆ, ಕಂತಲ್ಲಿ ಸಾವಿರಾರು ರೂಪಾಯಿ ಕೊಟ್ಟು ತಗಡು ತರಿಸೋದು ಯಾಕೆ.

ಒಡವೆ ಸೆಟ್ ತಗೋಬಹುದಾ?

ಆಂಕರ್ ಹಾಕ್ಕೊಂಡು ತಿರುಗಿದಾಗ ಚೆನ್ನಾಗೇ ಕಾಣುತ್ತೆ. ಒಂದ್ ಗ್ರಾಮ್ ಗೋಲ್ಡ್ ಅಂತ ನಾವು ಕರೆಯೋದೆಲ್ಲ ಮೇಲೆ ತೆಳು ಲೇಪ ಅಷ್ಟೇ, ಅದು ಗೊತ್ತಿದ್ದು ಮದುವೆ ಮನೆಗೆ ಹಾಕ್ಕೊಳ್ಳೋಕೆ ಅಂತ ತಗೊಂಡ್ರೆ ತಪ್ಪೇನಿಲ್ಲ. ಚಿನ್ನ ಅಂತ ಹೇಳಿ ಕೊಟ್ರೆ ಮಾತ್ರ ಹಾಲ್‌ಮಾರ್ಕ್ ಕೇಳಿ, 2023ರ ಏಪ್ರಿಲ್‌ನಿಂದ ಎಚ್‌ಯುಐಡಿ, ಅಂದ್ರೆ ಒಂದೊಂದು ಒಡವೆಗೂ ಬೇರೆಬೇರೆ ಇರೋ ಆರು ಅಕ್ಷರದ ಗುರುತಿನ ಸಂಖ್ಯೆ, ಕಡ್ಡಾಯ, ಬಿಐಎಸ್ ಕೇರ್ ಆಪಲ್ಲಿ ಹಾಕಿ ನೋಡ್ಬಹುದು.

ಟಿವಿಲಿ ನೋಡಿದ ಸೀರೆ ಒಂದು, ಮನೆಗೆ ಬಂದಿದ್ದು ಇನ್ನೊಂದು. ಬೇಕಂತಲೇ ಮಾಡ್ತಾರಾ?

ಕೆಲವು ಸಲ ಬೇಕಂತ, ಕೆಲವು ಸಲ ಲೈಟಿನ ಕೆಲಸ. ಸ್ಟುಡಿಯೋದಲ್ಲಿ ಸುರಿಯೋ ಬೆಳಕಿಗೆ ಕೆಂಪು ಇನ್ನೂ ಕೆಂಪಾಗುತ್ತೆ, ಜರಿ ಹೊಳೆಯುತ್ತೆ, ಮಾಡೆಲ್‌ಗೆ ಹಿಂದಿಂದ ಪಿನ್ ಹಾಕಿ ನೆರಿಗೆ ಕೂರಿಸಿರ್ತಾರೆ. ಮೇಲಿಂದ ನಮ್ಮನೆ ಟಿವಿಲಿ ಕಲರ್ ಎಷ್ಟಕ್ಕೆ ಇಟ್ಟಿದ್ದೀವೋ ಏನೋ. ಅದಕ್ಕೇ ಒಳ್ಳೆ ಆಂಕರ್ ಬಟ್ಟೆನ ಕೈಲಿ ಹಿಂಡಿ ತೋರಿಸ್ತಾರೆ, ಉಲ್ಟಾ ತಿರುಗಿಸಿ ಹಿಂದಿನ ದಾರ ತೋರಿಸ್ತಾರೆ, ಒಳಗೆ ಕೈ ಇಟ್ಟು ಎಷ್ಟು ತೆಳು ಅಂತ ತೋರಿಸ್ತಾರೆ, ಬ್ಲೌಸ್ ಪೀಸ್ ಇದ್ಯಾ ಇಲ್ವಾ ಕೇಳೋಕೆ ಮುಂಚೆ ಹೇಳ್ತಾರೆ. ಇಂಥ ಆಂಕರ್‌ಗಳನ್ನ ನಾನು ನೋಡಿದೀನಿ, ಅವರ ಬಗ್ಗೆ ನನಗೆ ಗೌರವ ಇದೆ.

ರೇಷ್ಮೆ ವಿಷಯ ಬೇರೆ. ಆರ್ಟ್ ಸಿಲ್ಕ್ ಅಂದ್ರೆ ಕಲೆ ಇರೋ ಸಿಲ್ಕ್ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಅದು ಕೃತಕ ದಾರ. ನಮ್ಮ ರಾಮನಗರದ ಗೂಡು ಮಾರ್ಕೆಟ್, ಮೈಸೂರು, ಮೊಳಕಾಲ್ಮೂರು ಇರೋ ನಾಡಲ್ಲಿ ಕೂತು ನಾವು ಇದನ್ನ ಗೊತ್ತು ಮಾಡ್ಕೊಳ್ಳೇಬೇಕು. ಬೆಂಗಳೂರಲ್ಲೇ ಇರೋ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಸಿಲ್ಕ್ ಮಾರ್ಕ್ ತಂದಿದೆ, ಶುದ್ಧ ರೇಷ್ಮೆ ಅಂದ್ರೆ ಆ ಲೇಬಲ್ ಇದ್ಯಾ ಅಂತ ಫೋನಲ್ಲೇ ಕೇಳಿ. ಐದು ಸೀರೆ ಸಾವಿರ ರೂಪಾಯಿಗೆ ಬರ್ತಿದೆ ಅಂದ್ರೆ ಅದು ರೇಷ್ಮೆ ಅಲ್ಲ, ಹುಳ ಸಾಕೋರ ಕಷ್ಟ ಗೊತ್ತಿರೋ ಯಾರಿಗಾದ್ರೂ ಈ ಲೆಕ್ಕ ಹೊಂದಲ್ಲ.

ಹಾಗಾದ್ರೆ ತೃಪ್ತಿ ಆದೋರೇ ಇಲ್ವಾ?

ಇದ್ದಾರೆ, ಅಡುಗೆ ಮನೆ ಸಾಮಾನಲ್ಲೇ ಜಾಸ್ತಿ. ಬಾಣಲೆ, ತವಾ, ಡಬ್ಬಗಳ ಸೆಟ್, ತರಕಾರಿ ಹೆಚ್ಚೋ ಸಾಧನ, ಬೆಡ್‌ಶೀಟ್, ಛತ್ರಿ. ಬೆಲೆ ಕಮ್ಮಿ, ಕೆಲಸ ಆಗುತ್ತೆ, ದೊಡ್ಡ ಆಸೆ ಇಟ್ಕೊಂಡಿರಲ್ಲ. ಕುಕ್ಕರ್ ಮಾತ್ರ ಐಎಸ್‌ಐ ಗುರುತು ಇಲ್ದೆ ತಗೋಬೇಡಿ, ಮನೆ ಕುಕ್ಕರಿಗೆ ಅದು 2021ರಿಂದ ಕಡ್ಡಾಯ, ಸಿಡಿದ್ರೆ ಜೀವಕ್ಕೇ ಅಪಾಯ.

ಬೆಲೆ 999 ಅಂದ್ರು, ಬಾಗಿಲಿಗೆ ಬಂದಾಗ ಜಾಸ್ತಿ ಕೇಳಿದ್ರು. ಯಾಕೆ?

ಶಿಪ್ಪಿಂಗ್ ಚಾರ್ಜ್. ಆಂಕರ್ ಬಾಯಲ್ಲಿ ಬರಲ್ಲ, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಓಡುತ್ತೆ, ಅದೂ ಇಂಗ್ಲಿಷಲ್ಲಿ. ಆಂಕರ್ ಕನ್ನಡದಲ್ಲಿ ಆಸೆ ಹುಟ್ಟಿಸಿ ಷರತ್ತು ಮಾತ್ರ ಇಂಗ್ಲಿಷಲ್ಲಿ ಹಾಕೋದು ಯಾವ ನ್ಯಾಯ ಹೇಳಿ. 2022ರ ಜೂನಲ್ಲಿ ಬಂದ ಜಾಹೀರಾತು ಮಾರ್ಗಸೂಚಿ ಇದನ್ನೇ ಹೇಳುತ್ತೆ: ಯಾವ ಭಾಷೆಲಿ ಹೇಳಿದ್ರೋ ಷರತ್ತೂ ಅದೇ ಭಾಷೆಲಿ, ಓದೋಕೆ ಆಗೋ ಥರ ಇರಬೇಕು ಅಂತ. ಕನ್ನಡದಲ್ಲಿ ಬಂದ ಜಾಹೀರಾತಿಗೆ ಕನ್ನಡದಲ್ಲೇ ಷರತ್ತು ಕೇಳೋದು ನಮ್ಮ ಹಕ್ಕು. ಈ ಒಂದು ವಿಷಯಕ್ಕೆ ನಾವೆಲ್ಲ ಸೇರಿ ದೂರು ಕೊಟ್ರೂ ಸಾಕು, ತುಂಬಾ ಬದಲಾಗುತ್ತೆ. ಫೋನ್ ಮಾಡಿದಾಗ ಮೊದಲ ಪ್ರಶ್ನೆನೇ "ಎಲ್ಲಾ ಸೇರಿ ಕೈಗೆ ಎಷ್ಟು ಕೊಡ್ಬೇಕು" ಅಂತ ಇರ್ಲಿ.

ಹೆಣ್ಣು ಆಂಕರ್‌ಗಳ ಬಗ್ಗೆ ಜನ ಕೆಟ್ಟದಾಗಿ ಬರೀತಾರಲ್ಲ, ಅದಕ್ಕೇನಂತೀರಾ?

ಮೈ ಉರಿಯುತ್ತೆ. ಯೂಟ್ಯೂಬಲ್ಲಿ ಶಾಪಿಂಗ್ ಶೋ ತುಣುಕು ಹಾಕಿರ್ತಾರೆ, ಕೆಳಗೆ ನೂರಾರು ಮಾತು, ವಸ್ತು ಬಗ್ಗೆ ಒಂದೂ ಇರಲ್ಲ, ಆ ಹುಡುಗಿ ಮೈ, ಬಣ್ಣ, ವಯಸ್ಸು, ನಗು, ಬರೀ ಇದೇ. ಆ ಮಿಕ್ಸಿ ಕೆಟ್ರೆ ಅದನ್ನ ಆಕೆ ಮಾಡಿರಲ್ಲ, ಬೆಲೆ ಆಕೆ ಇಟ್ಟಿರಲ್ಲ, ರಿಟರ್ನ್ ಬೇಡ ಅಂದಿದ್ದು ಆಕೆ ಅಲ್ಲ, ಆದ್ರೆ ಮುಖ ಆಕೆದು, ಬೈಗುಳ ಎಲ್ಲಾ ಅಲ್ಲಿಗೇ. ಎಷ್ಟೋ ಜನ ಮಾಡೆಲಿಂಗ್, ಸೀರಿಯಲ್ ಅಂತ ಊರಿಂದ ಬಂದು, ಅದು ಸಿಗೋವರೆಗೂ ಬದುಕೋಕೆ ಅಂತ ಈ ಕೆಲಸ ಹಿಡಿದಿರ್ತಾರೆ. ಡಬ್ಬಿಂಗ್ ಮಾಡೋರ ಹೆಸರಂತೂ ಯಾರಿಗೂ ಗೊತ್ತಿಲ್ಲ, ದನಿ ಮಾತ್ರ ಮನೆಮನೆಗೆ ಗೊತ್ತು.

ಹಾಗಂತ ಆಂಕರ್ ಏನು ಹೇಳಿದ್ರೂ ಸರಿ ಅಂತಲ್ಲ, ಮೇಲೆ ಕಾಯಿಲೆ ವಿಷಯದಲ್ಲಿ ಬರೆದಿದ್ದೀನಲ್ಲ. ಹೇಳಿದ ಮಾತನ್ನ ಟೀಕೆ ಮಾಡಿ, ಹೇಳಿದ ಹೆಣ್ಣಿನ ದೇಹನ ಬಿಡಿ. ಈ ಎರಡರ ನಡುವಿನ ಗೆರೆ ಅಷ್ಟೇನೂ ಕಷ್ಟದ್ದಲ್ಲ.

ನಮ್ಮತ್ತೆ ದಿನಾ ಏನಾದ್ರೂ ಒಂದು ತರಿಸ್ತಾನೇ ಇರ್ತಾರೆ. ಹೇಗೆ ಹೇಳೋದು?

ಬೈದು ಹೇಳಿದ್ರೆ ಅವರು ಮುಚ್ಚಿಡೋಕೆ ಶುರು ಮಾಡ್ತಾರೆ, ಪಾರ್ಸೆಲ್ ಪಕ್ಕದ ಮನೆಗೆ ಬರುತ್ತೆ, ಅಷ್ಟೇ ಆಗೋದು. ಜೊತೆಲಿ ಕೂತು ನೋಡಿ ಒಂದು ದಿನ. ಯಾವ ಆಂಕರ್ ಇಷ್ಟ, ಯಾಕೆ ಇಷ್ಟ ಕೇಳಿ. ನನಗೆ ಗೊತ್ತಿರೋ ಒಬ್ರು ಅಜ್ಜಿ ಹೇಳಿದ್ದು ಇನ್ನೂ ಕಿವಿಲಿದೆ: "ಅವಳು ನನ್ನ ನೋಡ್ಕೊಂಡೇ ಮಾತಾಡ್ತಾಳಪ್ಪ, ಮನೇಲಿ ಎಲ್ರೂ ಮೊಬೈಲ್ ನೋಡ್ಕೊಂಡು ಮಾತಾಡ್ತಾರೆ." ಖರೀದಿ ಮಾಡೋದು ಎಷ್ಟೋ ಸಲ ವಸ್ತುಗಲ್ಲ, ಆರ್ಡರ್ ತಗೊಳ್ಳೋ ಹುಡುಗ ಫೋನಲ್ಲಿ "ಹೇಗಿದ್ದೀರಾ ಅಮ್ಮ" ಅಂತಾನಲ್ಲ ಅದಕ್ಕೆ.

ದುಡ್ಡು ಅವರದೇ ಆಗಿದ್ರೆ, ಪೆನ್ಷನ್ನೋ ಬಾಡಿಗೆನೋ, ತಿಂಗಳಿಗೆ ಒಂದಿಷ್ಟು ಅಂತ ಅವರೇ ಲೆಕ್ಕ ಇಟ್ಕೊಳ್ಳೋ ಹಾಗೆ ಮಾಡಿ, ಆಸೆಪಟ್ಟಿದ್ದನ್ನ ಒಂದು ಚೀಟಿಲಿ ಬರೆದಿಟ್ಟು ಮಾರನೇ ದಿನಾನೂ ಬೇಕು ಅನ್ಸಿದ್ರೆ ತರಿಸೋಣ ಅನ್ನಿ. ಮಾರನೇ ದಿನ ಅದೇ ಆಫರ್ ಅದೇ ಬೆಲೆಗೆ ಟಿವಿಲಿ ಬಂದಾಗ ಅವರಿಗೇ ಗೊತ್ತಾಗುತ್ತೆ. ಸಾಲ ಮಾಡಿ ತರಿಸ್ತಿದ್ರೆ, ಊಟ ಮಾತ್ರೆ ದುಡ್ಡು ಹೋಗ್ತಿದ್ರೆ, ಅದು ಬೇರೆ ಮಾತು, ಆಗ ಡಾಕ್ಟರ್ ಹತ್ರ, ಕೌನ್ಸೆಲರ್ ಹತ್ರ ಮಾತಾಡೋದು ಒಳ್ಳೇದು.

ಆರ್ಡರ್ ಮಾಡಿದ ಮೇಲೆ ಅಂಚೇಲಿ ಸ್ಕ್ರ್ಯಾಚ್ ಕಾರ್ಡ್ ಬಂತು, ಕಾರ್ ಗೆದ್ದಿದ್ದೀರಿ ಅಂತ ಇದೆ!

ಹರಿದು ಹಾಕ್ಬೇಡಿ, ದುಡ್ಡೂ ಕಟ್ಬೇಡಿ. ಇದು ಹಳೇ ವಂಚನೆ, ಶಾಪಿಂಗ್ ಕಂಪನಿಗಳ ಹೆಸರು ಲೋಗೋ ಹಾಕಿ ಬೇರೆ ಯಾರೋ ಕಳಿಸ್ತಾರೆ, ಟ್ಯಾಕ್ಸ್ ಕಟ್ಟಿ, ಜಿಎಸ್‌ಟಿ ಕಟ್ಟಿ ಅಂತ ಹಂತಹಂತವಾಗಿ ಸುಲೀತಾರೆ. ನಮ್ಮ ರಾಜ್ಯದಲ್ಲೂ ತುಂಬಾ ಜನ ಕಳ್ಕೊಂಡಿದ್ದಾರೆ. ಕಟ್ಟಿಬಿಟ್ಟಿದ್ರೆ ತಡ ಮಾಡದೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯೋ ಚಾನ್ಸ್ ಜಾಸ್ತಿ. ಕಾರ್ಡು, ಕವರ್ ಎರಡೂ ಪೊಲೀಸರಿಗೆ ಬೇಕಾಗುತ್ತೆ.

ಮೋಸ ಆಯ್ತು ಅಂದ್ರೆ ದೂರು ಎಲ್ಲಿ ಕೊಡೋದು?

ಮೊದಲು ಕಂಪನಿ ಕಸ್ಟಮರ್ ಕೇರಿಗೆ, ಕಂಪ್ಲೇಂಟ್ ನಂಬರ್ ಕೇಳಿ ಬರ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡ್ತಾರೆ. ಜಾಹೀರಾತೇ ಸುಳ್ಳು ಅಂದ್ರೆ ಮುಂಬೈನಲ್ಲಿರೋ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐಗೂ ಬರೀಬಹುದು, ಆನ್‌ಲೈನಲ್ಲೇ ಆಗುತ್ತೆ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಮುಂಬೈಲಿರ್ಲಿ ದೆಹಲಿಲಿರ್ಲಿ, ನೀವು ವಾಸ ಇರೋ ಜಿಲ್ಲೆಲೇ ಹಾಕ್ಬಹುದು, 5 ಲಕ್ಷದೊಳಗಿನ ವಸ್ತುಗೆ ಫೀಸಿಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ. ಬಿಲ್, ಪಾರ್ಸೆಲ್ ಮೇಲಿನ ಚೀಟಿ, ಡಬ್ಬ ಬಿಚ್ಚೋವಾಗ ಮಾಡಿದ ವಿಡಿಯೋ ಇಟ್ಕೊಂಡಿರಿ. ಸಾಧ್ಯ ಆದ್ರೆ ಟಿವಿಲಿ ಆ ಜಾಹೀರಾತು ಮತ್ತೆ ಬಂದಾಗ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಆಂಕರ್ ಏನು ಮಾತು ಕೊಟ್ರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಈಗ ಎಲ್ಲಾ ಫೇಸ್‌ಬುಕ್, ಇನ್‌ಸ್ಟಾ ಲೈವಲ್ಲೇ ಸೀರೆ ಮಾರ್ತಾರಲ್ಲ, ಅದು ವಾಸಿನಾ?

ಕೆಲವು ವಿಷಯದಲ್ಲಿ ವಾಸಿ. ಮಾರೋರೇ ಮಾತಾಡ್ತಾರೆ, "ಅಕ್ಕ ಆ ನೀಲಿದು ಹತ್ರ ತೋರ್ಸಿ" ಅಂದ್ರೆ ತೋರಿಸ್ತಾರೆ, ಇಳಕಲ್ ಸೀರೆ ಟೋಪ್ ಸೆರಗು ಬಿಡಿಸಿ ಹಿಡೀತಾರೆ, ಕನ್ನಡನೂ ನಮ್ಮ ಕನ್ನಡನೇ. ಆದ್ರೆ ಅಲ್ಲಿ ಮುಂಚೆನೇ ದುಡ್ಡು ಹಾಕ್ಬೇಕು, ವಿಳಾಸ ಇರಲ್ಲ, ಬಿಲ್ ಇರಲ್ಲ, ಪೇಜ್ ಮಾಯ ಆದ್ರೆ ಯಾರನ್ನ ಹಿಡಿಯೋದು. ಟಿವಿ ಚಾನೆಲಿಗೆ ಲೈಸೆನ್ಸಾದ್ರೂ ಇತ್ತು. ಊರು, ಅಂಗಡಿ, ಜಿಎಸ್‌ಟಿ ನಂಬರ್ ಹೇಳೋರ ಹತ್ರ ಮಾತ್ರ ತಗೊಳ್ಳಿ, ಮೊದಲ ಸಲ ಸಣ್ಣದು ತಗೊಂಡು ನೋಡಿ.

ಅಜ್ಜಿ ಒಬ್ರೇ ಇರ್ತಾರೆ, ಈ ಚಾನೆಲ್‌ಗಳನ್ನ ಲಾಕ್ ಮಾಡ್ಬಹುದಾ?

ಹೆಚ್ಚಿನ ಸೆಟ್‌ಟಾಪ್ ಬಾಕ್ಸಲ್ಲಿ ಪಿನ್ ಹಾಕಿ ಚಾನೆಲ್ ಲಾಕ್ ಮಾಡೋ ಸೌಲಭ್ಯ ಇರುತ್ತೆ, ಸೆಟ್ಟಿಂಗ್ಸಲ್ಲಿ ಹುಡುಕಿ. ಆದ್ರೆ ಅವರಿಗೆ ಹೇಳದೇ ಮಾಡ್ಬೇಡಿ. ಔಷಧಿ ಜಾಹೀರಾತು ಬರೋ ಚಾನೆಲ್‌ಗೆ ಹಾಕಿ, ಅವರಿಗಿಷ್ಟದ ಸೀರೆ ಪಾತ್ರೆ ಚಾನೆಲ್ ಬಿಡಿ, ಫೋನ್ ಪಕ್ಕದಲ್ಲಿ ನಿಮ್ಮ ನಂಬರ್ ದೊಡ್ಡದಾಗಿ ಬರೆದು ಅಂಟಿಸಿ, ಆರ್ಡರ್ ಮಾಡೋಕೆ ಮುಂಚೆ ಒಂದ್ಸಲ ಕಾಲ್ ಮಾಡಜ್ಜಿ ಅಂತ ಹೇಳಿ. ಅವರು ಕಾಲ್ ಮಾಡಿದಾಗ ಎತ್ತಿ.